ಬಿಸಿ ಹಿತ್ತಾಳೆಯ ಅಳತೆ

ದಾವಣಗೆರೆಯ ದೊಡ್ಡಪ್ಪನ ಅಂಗಡಿಯಲ್ಲಿ ಇದ್ದದ್ದು ಲೋಹ ಕಡೆಯುವ ಒಂದೇ ಲೇತ್. ಹರಿಹರದ ಮೈಸೂರು ಕಿರ್ಲೋಸ್ಕರ್‌ದು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಲೇತ್ ಗಟ್ಟಿಯಾಗೇ ಇತ್ತು. ದೊಡ್ಡಪ್ಪ ಮಿಲಿಟರಿಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿಯವನು, ಆಗಿದ್ದವನು. ರೈಫಲ್ ಬಿಚ್ಚಿ ಜೋಡಿಸಿದ ಕೈ, ರಿಟೈರಾದ ಮೇಲೆ ಪಂಪು, ಮೆಕ್ಕೆಜೋಳ ಒಕ್ಕುವ ಮಷಿನ್ನುಗಳಿಗೆ ಬಿತ್ತು. ಡಿಪ್ಲೊಮಾ ಮುಗಿಸಿ ಖಾಲಿ ಕೂತಿದ್ದ ನನ್ನನ್ನು ಅಪ್ಪ ಅಲ್ಲಿಗೆ ತಳ್ಳಿದ್ದ.

ಸುಗ್ಗಿ ಟೈಮು. ಹರಿಹರದ ಕಡೆಯ ರೈತರೊಬ್ಬರು ಒಕ್ಕುವ ಮಷಿನ್ನಿನ ಶಾಫ್ಟ್ ತಿರುಗುವ ಕೊಳವೆ, ಅಂದರೆ ಬುಶ್, ಸವೆದಿದೆ ಅಂತ ಅದು ಕೂರುವ ಹೌಸಿಂಗ್, ಒಳಗೆ ತಿರುಗುವ ಶಾಫ್ಟ್ ಎರಡನ್ನೂ ಚೀಲದಲ್ಲಿ ಹೊತ್ತು ತಂದರು. ಗನ್‌ಮೆಟಲ್ ಅನ್ನೋ ಕಂಚು ದುಬಾರಿ, ಹಿತ್ತಾಳೆಯಲ್ಲೇ ಮಾಡಿ ಅಂದರು. ದೊಡ್ಡಪ್ಪ ಬ್ಯಾಂಕಿಗೆ ಹೊರಟಿದ್ದ. 'ನಾನೇ ಮಾಡ್ತೀನಿ' ಅಂದುಬಿಟ್ಟೆ.

ಶಾಫ್ಟ್ 24.99 ಮಿ.ಮೀ. ಹೌಸಿಂಗಿನ ತೂತು ಸರಿಯಾಗಿ 32. ಬುಶ್ಶಿನ ಹೊರಗಡೆ 32.05, ಒಳಗಡೆ 25.03 ಇಟ್ಟರೆ ಬುಶ್ ಬಿಗಿಯಾಗಿ ಕೂರುತ್ತದೆ, ಶಾಫ್ಟ್ ಸಲೀಸಾಗಿ ತಿರುಗುತ್ತದೆ ಎಂಬುದು ನನ್ನ ಲೆಕ್ಕ. ರೈತರು ಬಾಗಿಲಲ್ಲೇ ನಿಂತಿದ್ದರು, ನನಗೂ ಅವಸರ. ಕಡೆಯುವ ಟೂಲ್ ಮೊಂಡಾಗಿತ್ತು, ಜಾಬ್, ಅಂದರೆ ಕಡೆಯುತ್ತಿದ್ದ ಬುಶ್, ಮುಟ್ಟಿದರೆ ಸುಡುತ್ತಿತ್ತು. ಬಟ್ಟೆ ಸುತ್ತಿ ಹಿಡಿದು ಮೈಕ್ರೋಮೀಟರ್ ಹಾಕಿದೆ. ನೂರನೇ ಒಂದು ಮಿಲಿಮೀಟರಿಗೆ ಸರಿ. ಎರಡೆರಡು ಸಲ ನೋಡಿದೆ, ಅಷ್ಟು ಖುಷಿ.

ಆರಿದ ಮೇಲೆ ಪ್ರೆಸ್‌ನಲ್ಲಿ ಹೌಸಿಂಗಿಗೆ ಒತ್ತಿದೆ. ಬುಶ್ ಚೆನ್ನಾಗಿ ಕೂತಿತು. ಶಾಫ್ಟ್ ಮಾತ್ರ ಬಾಯಲ್ಲೇ ಸಿಕ್ಕಿಕೊಂಡಿತು. ಎಣ್ಣೆ ಹಾಕಿದೆ, ಮರದ ಸುತ್ತಿಗೆಯಲ್ಲಿ ತಟ್ಟಿದೆ, ಜಪ್ಪಯ್ಯ ಅನ್ನಲಿಲ್ಲ. ರೈತರು ಏನೂ ಅನ್ನದೆ ಬೀಡಿ ಹಚ್ಚಿದರು. ಬೈದಿದ್ದರೂ ವಾಸಿಯಿತ್ತು.

ದೊಡ್ಡಪ್ಪ ಬಂದವನೇ ಕೇಳಿದ್ದು ಒಂದೇ. 'ಬಿಸಿ ಇದ್ದಾಗ ಅಳದ್ಯಾ?'

ಹೂಂ ಅಂದೆ.

'ಅಲ್ಲಿಗೆ ಎರಡು ಪಾಯಿಂಟ್ ಹೋತು. ಒತ್ತಿದ ಮೇಲೆ ಒಳಗಿನ ತೂತು ಎಷ್ಟು ಆಕ್ಕತಿ, ನೋಡಿದ್ಯಾ?'

ನೋಡಿರಲಿಲ್ಲ. 25 ಮಿ.ಮೀ. ಹಿತ್ತಾಳೆ ನಲವತ್ತು ಡಿಗ್ರಿ ಆರಿದರೆ ಸುಮಾರು 0.02 ಕುಗ್ಗುತ್ತದೆ, ದೊಡ್ಡಪ್ಪನ ಎರಡು ಪಾಯಿಂಟ್ ಅದೇ. ನನ್ನ 25.03 ಆಗಲೇ 25.01 ಆಗಿತ್ತು. ಮೇಲೆ ಹೊರಗಿನ ಬಿಗಿತ ಒಳಗೆ ಇಳಿದು ತೂತನ್ನು ಇನ್ನಷ್ಟು ಹಿಚುಕಿತ್ತು. ಈಗ ಅಳೆದರೆ 24.98. ಶಾಫ್ಟಿಗಿಂತ ಚಿಕ್ಕದು!

ದೊಡ್ಡಪ್ಪ ಸೀಮೆಸುಣ್ಣ ತಗೊಂಡು ನೆಲದ ಮೇಲೆ ತ್ರೀ ನಾಟ್ ತ್ರೀ ರೈಫಲ್ ಗುಂಡಿನ ಹಿತ್ತಾಳೆ ಕೇಸ್, ಅಂದರೆ ಮದ್ದು ತುಂಬುವ ಕೊಳವೆ, ಬರೆದ. ಬರೆದೇ ತೋರಿಸಬೇಕು, ಒಂದನ್ನೂ ಮನೆಗೆ ತರುವಂತಿರಲಿಲ್ಲ; ಗುಂಡು ಹಾರಿಸುವ ರೇಂಜ್‌ನಲ್ಲಿ ಖಾಲಿ ಕೇಸ್ ಒಂದು ಕಡಿಮೆಯಾದರೂ ಎಲ್ಲರೂ ಹುಲ್ಲಲ್ಲಿ ಹುಡುಕುತ್ತಾ ಕೂರಬೇಕಿತ್ತಂತೆ. ಗುಂಡು ಹಾರಿದಾಗ ಕೇಸ್ ಉಬ್ಬಿ ತಾನು ಕೂತ ಗೂಡಿನ, ಅಂದರೆ ಚೇಂಬರ್‌ನ, ಗೋಡೆಗೆ ಅಂಟುತ್ತದೆ, ಗ್ಯಾಸ್ ಹಿಂದಕ್ಕೆ ಬಾರದ ಹಾಗೆ. ಒತ್ತಡ ಇಳಿದ ಕೂಡಲೇ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ, ಅದಕ್ಕೇ ಈಚೆ ಬರುತ್ತದೆ. ಪೂರ್ತಿ ಹಳೇ ಅಳತೆಗೆ ಮಾತ್ರ ಬರುವುದಿಲ್ಲ. ಹೊರದೇಶದಲ್ಲಿ ಅದಕ್ಕೇ ಮತ್ತೆ ಮದ್ದು ತುಂಬುವವರು ಎಣ್ಣೆ ಸವರಿ ಡೈ ಅನ್ನೋ ಅಚ್ಚಿಗೆ ಒತ್ತಿ ಸಣ್ಣ ಮಾಡುತ್ತಾರೆ. ಎಣ್ಣೆ ಕಡಿಮೆಯಾದರೆ ಡೈಯಲ್ಲೇ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಕೇಸಿನ ಭುಜದಲ್ಲಿ ತಗ್ಗು ಬೀಳುತ್ತದೆ.

'ಸುತ್ತ ಹಿಚುಕಿದ್ರೆ ಹಿತ್ತಾಳೆ ಉದ್ದಕ್ಕ ಓಡ್ತತಿ, ಕಣಕದ ಹಂಗ. ಅದಕ್ಕ ಒತ್ತಿದ ಮ್ಯಾಲೆ ಉದ್ದ ಅಳದು ತುದಿ ಕತ್ತರಸ್ತಾರ. ಒತ್ತೋಕಿಂತ ಮುಂಚೆ ಅಳದು ಏನ್ ಮಾಡ್ತಿ?' ಅಂದ. ಇಲ್ಲಿ ಲೈಸೆನ್ಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕುವಂತಿಲ್ಲ ಅಂತಲೂ ಸೇರಿಸಿದ, ನಾನೇನೋ ನಾಳೆಯೇ ಶುರು ಮಾಡುವವನ ಹಾಗೆ.

ಬುಶ್ ಕೀಳಲಿಲ್ಲ. ಕೂತಲ್ಲೇ ತೂತು ಹಿಗ್ಗಿಸುವ ರೀಮರ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿದ. ಚಿನ್ನದ ಪುಡಿಯಂಥ ಹಿತ್ತಾಳೆ ಉದುರಿತು. ಎರಡು ಹನಿ ಎಣ್ಣೆ ಬಿಟ್ಟು ಶಾಫ್ಟ್ ನೆಟ್ಟಗೆ ಹಿಡಿದರೆ ತನ್ನ ಭಾರಕ್ಕೆ ತಾನೇ ಇಳಿಯಿತು. ರೈತರು ಬೀಡಿ ಆರಿಸಿ ಚೀಲ ಬಿಚ್ಚಿದರು.

ಮಾರನೇ ದಿನ ಇನ್ನೊಂದು ಬುಶ್. ಒಳಗಿನ ತೂತು ಕೊರೆದು ಮುಗಿಸಿ ಮೈಕ್ರೋಮೀಟರಿಗೆ ಕೈ ಹಾಕುವಷ್ಟರಲ್ಲಿ ದೊಡ್ಡಪ್ಪ ಜಾಬ್ ಕಿತ್ತುಕೊಂಡು ಬೀಡುಕಬ್ಬಿಣದ ತಟ್ಟೆಯ ಮೇಲೆ ಆರಲು ಇಟ್ಟ. ಜೇಬಿನಿಂದ ದುಡ್ಡು ತೆಗೆದು ಕೊಟ್ಟ. 'ಹೋಗು, ಮಂಡಕ್ಕಿ ಮೆಣಸಿನಕಾಯಿ ತಗಂಬಾ. ತಿಂದ ಮ್ಯಾಲೆ ಅಳತಿ ಮಾಡುವಂತಿ.'