ಮೊದಲು ಸಿಗದಾಗುವುದು ಬಂಪರ್

ದೇಶದ ಕಾರು ಉದ್ಯಮ ಸೊರಗಿದರೆ ಕರಾವಳಿಯವರಿಗೇನು ಎಂದು ಕೇಳುವವರಿದ್ದಾರೆ. ಮಂಗಳೂರಿನಲ್ಲಿ ಕಾರು ಕಾರ್ಖಾನೆ ಇಲ್ಲ, ಸರಿ. ಆದರೆ ಕಾರಿನ ಬಿಡಿಭಾಗಗಳು ಬೇಗ ಸಾಯುವ ಊರು ನಮ್ಮದು. ನಾಲ್ಕು ತಿಂಗಳು ಮಳೆ, ವರ್ಷವಿಡೀ ಉಪ್ಪುಗಾಳಿ, ಒಳರಸ್ತೆಗಳ ಕೆಂಪು ಕೆಸರು, ಬೆಂಗಳೂರಿಗೆ ಹೊರಟರೆ ಶಿರಾಡಿ ಘಾಟಿ. ಬಾಗಿಲಿನ ಅಡಿಯಲ್ಲಿ ನೀರಿಳಿಯುವ ತೂತು ಕೆಸರಿನಿಂದ ಕಟ್ಟಿಕೊಂಡರೆ ತಗಡು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ತಡವಾಗಿರುತ್ತದೆ. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನಿಗೆ ಹಾಕಿದ ರಬ್ಬರ್ ಬೂಟು ಹರಿದರೆ ನೀರು ಹೋಗಿ ಪಿನ್ ಜಾಮ್ ಆಗುತ್ತದೆ, ಒಳಬದಿಯ ಪ್ಯಾಡ್ ಮಾತ್ರ ಸವೆಯುತ್ತದೆ. ಅರ್ತ್ ವಯರಿನ ಬುಡದಲ್ಲಿ ಹಸಿರು ಪುಡಿ ಕೂರುತ್ತದೆ. ಹೆಡ್‌ಲೈಟ್ ಹಾಕಿ, ಬ್ಯಾಟರಿಯ ನೆಗೆಟಿವ್‌ಗೂ ಬಾಡಿಗೂ ನಡುವೆ ಮೀಟರ್ ಹಿಡಿದಾಗ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಆ ಜಾಗ ಬಿಚ್ಚಿ ಉಜ್ಜಿ ಗ್ರೀಸ್ ಹಚ್ಚಬೇಕು.

ಇಂಥ ಊರಿನಲ್ಲಿ ಕಾರಿನ ಆಯುಷ್ಯ ನಿಂತಿರುವುದು ಬಿಡಿಭಾಗ ಸಿಗುವುದರ ಮೇಲೆ. ಕಂಪೆನಿಯೊಂದು ಕಾರು ಮಾಡುವುದು ನಿಲ್ಲಿಸಿದಾಗ ಎಲ್ಲ ಒಟ್ಟಿಗೆ ಮಾಯವಾಗುವುದಿಲ್ಲ. ಬೇರಿಂಗ್ ಬಹುಕಾಲ ಸಿಗುತ್ತದೆ, ಏಕೆಂದರೆ ಅದು ನಂಬರಿನ ವಸ್ತು: 6203 ಎಂದರೆ ಯಾವ ಕಂಪೆನಿಯದ್ದಾದರೂ ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿಲಿಮೀಟರ್. ಬೆಲ್ಟ್ ಮೇಲೆ 6ಪಿಕೆ1050 ಎಂದಿದ್ದರೆ ಆರು ಗೆರೆ, 1050 ಮಿಲಿಮೀಟರ್ ಉದ್ದ; ಅಷ್ಟು ಹೇಳಿದರೆ ಅಂಗಡಿಯವರಿಗೆ ಕಾರಿನ ಹೆಸರೇ ಬೇಡ. ಆಯಿಲ್ ಸೀಲಿನ ಅಳತೆ ಅದರ ಮುಖದ ಮೇಲೇ ಇರುತ್ತದೆ. ಹೆಡ್‌ಲೈಟಿನೊಳಗಿನ ಎಚ್4 ಬಲ್ಬಿಗೂ ಚಿಂತೆಯಿಲ್ಲ, ಅದೂ ನಂಬರಿನ ವಸ್ತುವೇ. ಮೊದಲು ಸಿಗದಾಗುವುದು ಆ ಒಂದು ಮಾಡೆಲಿಗೆ ಮಾತ್ರ ಹೊಂದುವ ಭಾಗ: ಬಂಪರ್, ಹೆಡ್‌ಲೈಟ್, ಬಾಗಿಲ ಹಿಡಿ, ಫೆಂಡರ್. ಇವುಗಳನ್ನು ಒತ್ತುವ ಡೈ, ಅಂದರೆ ಅಚ್ಚು, ಬಹಳ ದುಬಾರಿ. ಲಕ್ಷಗಟ್ಟಲೆ ಪೀಸು ಹೊಡೆದರಷ್ಟೇ ಅದರ ಖರ್ಚು ಹುಟ್ಟುತ್ತದೆ. ತಿಂಗಳಿಗೆ ಇಪ್ಪತ್ತು ಬಂಪರಿಗಾಗಿ ಯಾರೂ ಆ ಡೈಯನ್ನು ಮೆಷಿನಿಗೆ ಏರಿಸುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಎಲೆಕ್ಟ್ರಾನಿಕ್ಸ್. ಗುಜರಿಯಿಂದ ಅದೇ ಮಾಡೆಲಿನ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ತಂದು ಸಿಕ್ಕಿಸಿದರೆ ಹೆಚ್ಚಿನ ಕಾರುಗಳು ಸ್ಟಾರ್ಟೇ ಆಗುವುದಿಲ್ಲ. ಕಳ್ಳತನ ತಡೆಯಲು ಕೀಲಿಗೆ ಜೋಡಿಸಿದ ಇಮೊಬಿಲೈಸರ್ ಅದನ್ನು ಗುರುತಿಸಬೇಕು. ಅದಕ್ಕೆ ಬೇಕಾದ ಕೋಡಿಂಗ್ ಕಂಪೆನಿಯ ಕೈಯಲ್ಲಿ ಇರುತ್ತದೆ, ಕಂಪೆನಿಯೇ ಇಲ್ಲದಿದ್ದರೆ ಪೇಚು.

ಫಿಯೆಟ್ ಪುಂಟೊ ಇದಕ್ಕೆ ಒಳ್ಳೆಯ ಉದಾಹರಣೆ. ಅದರ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನನ್ನೇ ಮಾರುತಿ ಸ್ವಿಫ್ಟ್ ಬಳಸಿತು, ಟಾಟಾ ಇಂಡಿಕಾ ವಿಸ್ಟಾ ಬಳಸಿತು. ಹಾಗಾಗಿ ಫಿಯೆಟ್ ಇಲ್ಲಿ ಕಾರು ಮಾರುವುದು ನಿಲ್ಲಿಸಿದ ಮೇಲೂ ಎಂಜಿನ್ ಕೆಲಸಕ್ಕೆ ತೊಂದರೆಯಿಲ್ಲ. ಹೆಡ್‌ಲೈಟಿಗೆ ಮಾತ್ರ ಊರೂರು ಹುಡುಕಬೇಕು. ಒಂದೇ ಕಾರು, ಎರಡು ಗತಿ. ದೇಶದೊಳಗೆ ಹೆಚ್ಚು ಸಂಖ್ಯೆಯಲ್ಲಿ ತಯಾರಾದದ್ದು ಉಳಿಯಿತು.

ಕಾರು ಉದ್ಯಮಕ್ಕೆ ಬೆಂಬಲ ಎಂದರೆ ಬಾನೆಟ್ ಮೇಲಿನ ಲಾಂಛನ ನೋಡಿ ಅಭಿಮಾನಪಡುವುದು ಎಂದು ನಾವು ತಿಳಿದಿಲ್ಲ. ಲಾಂಛನ ಯಾರದ್ದಾದರೂ ಇರಲಿ, ಸ್ಪ್ರಿಂಗ್, ಗ್ಯಾಸ್ಕೆಟ್, ವಯರಿಂಗ್ ಮಾಡುವ ಸಣ್ಣ ಕಾರ್ಖಾನೆ ಈ ದೇಶದಲ್ಲಿ ಇರಬೇಕು. ಮಂಗಳೂರಿಗೆ ಈ ಮಾತು ಹೊಸದಲ್ಲ. ಇಲ್ಲಿಯ ಕೆನರಾ ವರ್ಕ್‌ಶಾಪ್ಸ್ ವಾಹನಗಳ ಲೀಫ್ ಸ್ಪ್ರಿಂಗಿಗೆ (ಪಟ್ಟಿ ಸ್ಪ್ರಿಂಗ್) ಹೆಸರಾದ ಸಂಸ್ಥೆ. ಅದನ್ನು ಕಟ್ಟಿದ ವಾಮನ ಕುಡ್ವರು 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯ ಮೂವರು ಸ್ಥಾಪಕರಲ್ಲೊಬ್ಬರು. ಕಡಲ ಬದಿಯ ಊರಲ್ಲಿ ಕೂತು ವಾಹನದ ಭಾಗ ಮಾಡಬಹುದು ಎಂದು ತೋರಿಸಿದವರು. ಅಂಥ ಕಾರ್ಖಾನೆ ಬದುಕುವುದು ದೇಶದಲ್ಲಿ ವಾಹನ ತಯಾರಾಗಿ ಆರ್ಡರು ಬಂದರೆ.

ಬರೀ ಜೋಡಿಸುವ ಉದ್ಯಮ ಎಷ್ಟು ಬಡಪಾಯಿ ಎಂಬುದು 1985ರ ನಂತರ ಗೊತ್ತಾಯಿತು. ಜಪಾನಿನ ಯೆನ್ ಬೆಲೆ ಏರಿತು. ಅಲ್ಲಿಂದ ಬಿಡಿಭಾಗಗಳ ಕಿಟ್ ತರಿಸಿ ವಾಹನ ಜೋಡಿಸುತ್ತಿದ್ದವರ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಕೂಡ ಶುರುವಿನಲ್ಲಿ ಕಿಟ್ಟಿನ ಕಾರೇ. ಬಿಡಿಭಾಗಗಳನ್ನು ಇಲ್ಲಿಯೇ ಮಾಡಿಸುತ್ತಾ ಹೋದದ್ದರಿಂದ ಅದು ನೆಲೆ ನಿಂತಿತು. ಇದಕ್ಕೆ ಇನ್ನೊಂದು ಮುಖವೂ ಇದೆ: ಅಂಬಾಸಿಡರ್‌ಗೆ ಬಿಡಿಭಾಗದ ಬರ ಇರಲಿಲ್ಲ, ಹೊಸತನದ ಬರ ಇತ್ತು. 2014ರ ಮೇಯಲ್ಲಿ ಅದನ್ನು ತಯಾರಿಸುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ ನಿಂತಿತು. ಪೈಪೋಟಿಯಿಂದ ರಕ್ಷಣೆ ಕೊಟ್ಟು ಸುಮ್ಮನೆ ಕೂತರೆ ಹೀಗೂ ಆಗುತ್ತದೆ, ಇದನ್ನು ಮುಚ್ಚಿಡಬಾರದು.

ಹೊಸ ಕಾರು ನೋಡಲು ಹೋದಾಗ ಮೈಲೇಜ್ ಕೇಳುವ ಮೊದಲು ಸ್ಪೇರ್ ಪಾರ್ಟ್ಸ್ ಕೌಂಟರಿಗೆ ಹೋಗಿ. ಮುಂದಿನ ಬಂಪರ್, ಹೆಡ್‌ಲೈಟ್, ಎಸಿ ಕಂಡೆನ್ಸರ್, ಬ್ರೇಕಿನ ಎಬಿಎಸ್ ಯೂನಿಟ್, ಈ ನಾಲ್ಕರ ಬೆಲೆ ಮತ್ತು ಬರಲು ಬೇಕಾದ ದಿನ ಕೇಳಿ. ಸಾಧ್ಯವಾದರೆ ಪೆಟ್ಟಿಗೆಯ ಲೇಬಲ್ ನೋಡಿ. ತಯಾರಕರ ಹೆಸರು, ವಿಳಾಸ, ತಿಂಗಳು, ಎಂಆರ್‌ಪಿ ಅದರಲ್ಲಿ ಇರಬೇಕು. ಹೊರಗಿನದ್ದಾದರೆ ಆಮದುದಾರರ ಹೆಸರೂ ಮೂಲ ದೇಶವೂ ಇರುತ್ತದೆ. ನಾಲ್ಕರಲ್ಲಿ ಮೂರು ಹೊರದೇಶದ್ದಾದರೆ ಆ ಕಾರು ಇಲ್ಲಿ ಇನ್ನೂ ಬೇರು ಬಿಟ್ಟಿಲ್ಲ.

ನಿಂತುಹೋದ ಮಾಡೆಲು ಈಗಾಗಲೇ ಮನೆಯಲ್ಲಿದ್ದರೆ ಹೆಡ್‌ಲೈಟ್ ಒಂದು ಜೊತೆ, ವಿಂಡೋ ಸ್ವಿಚ್, ಬಾಗಿಲ ಹಿಡಿಗಳನ್ನು ಸಿಕ್ಕಾಗಲೇ ತೆಗೆದಿಡಿ. ಸಸ್ಪೆನ್ಷನ್ ಬುಶ್ಶು, ಹೋಸ್ ಪೈಪುಗಳನ್ನು ರಾಶಿ ಹಾಕಬೇಡಿ; ರಬ್ಬರ್ ಇಟ್ಟಲ್ಲೇ ಗಟ್ಟಿಯಾಗಿ ಬಿರಿಯುತ್ತದೆ. ಎಲೆಕ್ಟ್ರಿಕಲ್ ಭಾಗಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ನೆಲದಿಂದ ಮೇಲೆ ಇಡಿ. ಮಳೆಗಾಲದ ಆಟಿ ತಿಂಗಳಲ್ಲಿ ಒಮ್ಮೆ ತೆರೆದು ಪೊಟ್ಟಣ ಬದಲಿಸಿದರೆ ಕನೆಕ್ಟರಿನ ಪಿನ್ನುಗಳು ಹಸಿರಾಗುವುದಿಲ್ಲ.