ಮರಾಠಾ ಸಿಪಾಯಿಯ ಉಡುಪು: ಸಂಗ್ರಹ ಎಲ್ಲಿಗೆ ಬಂದಿದೆ

ಮರಾಠಾ ಲಘು ಪದಾತಿ ದಳದ ಸಾಮಾನ್ಯ ಸಿಪಾಯಿಯೊಬ್ಬನು ಎರಡನೆಯ ಮಹಾಯುದ್ಧದ ಆರಂಭದಿಂದ ಗಣರಾಜ್ಯದ ಮೊದಲ ವರ್ಷಗಳವರೆಗೆ ಏನನ್ನು ತೊಟ್ಟಿದ್ದನೋ ಅದನ್ನು ಸಾಧ್ಯವಾದಷ್ಟು ಅಸಲಿ ಬಟ್ಟೆಯಲ್ಲಿಯೇ ಜೋಡಿಸಿಡಬೇಕೆಂಬ ನನ್ನ ಕೆಲಸಕ್ಕೆ ಈ ಮಳೆಗಾಲದಲ್ಲಿ ಒಂದು ರೂಪ ಬಂದಿದೆ. 1768ರಲ್ಲಿ ಹುಟ್ಟಿದ ಈ ದಳದ ಕೇಂದ್ರವಿರುವ ಬೆಳಗಾವಿಯೇ ನನ್ನ ಊರು. ಈಗ ನಾನಿರುವುದು ಪುಣೆಯಲ್ಲಿ. ದಕ್ಷಿಣ ಕಮಾಂಡಿನ ಮುಖ್ಯ ಕಚೇರಿಯೂ ಖಡಕಿಯ ಸ್ಯಾಪರ್‌ಗಳ, ಅಂದರೆ ಸೈನ್ಯದ ಎಂಜಿನಿಯರ್ ಪಡೆಯವರ, ಕೇಂದ್ರವೂ ಇರುವ ಈ ಊರಿನಲ್ಲಿ ಸೈನ್ಯದ ಹಳೆಯ ಬಟ್ಟೆ ಮನೆಗಳಿಂದ ಹೊರಬೀಳುತ್ತಲೇ ಇರುತ್ತದೆ. ಬುಧವಾರ ಮತ್ತು ಭಾನುವಾರ ಸೇರುವ ಜೂನಾ ಬಜಾರಿನಲ್ಲಿ ತಾಳ್ಮೆಯಿಂದ ಹುಡುಕುವವರಿಗೆ ಅದರಲ್ಲಿ ಒಂದಿಷ್ಟು ಸಿಗುತ್ತದೆ.

ಇತ್ತೀಚೆಗೆ ಅಲ್ಲಿಯೇ ಸಿಕ್ಕ, ಡ್ರಿಲ್ ಎಂಬ ಗಟ್ಟಿ ಹತ್ತಿ ಬಟ್ಟೆಯ ಖಾಕಿ ಅಂಗಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಾರುವವರು ಅದರ ಕಿಸೆಯ ಮೇಲೆ ಹೊಳೆಯುವ ಬಿಲ್ಲೆಯೊಂದನ್ನು ಸಿಕ್ಕಿಸಿ, ಬರ್ಮಾ ಯುದ್ಧಕ್ಕೆ ಹೋಗಿಬಂದ ಅಧಿಕಾರಿಯ ಅಂಗಿಯೆಂದು ಹೇಳಿ ಬೆಲೆ ಏರಿಸಿದ್ದರು. ಬಿಲ್ಲೆಯಲ್ಲಿ ಅಶೋಕ ಸ್ತಂಭದ ಸಿಂಹಗಳಿದ್ದವು. ಸೈನ್ಯದ ಲಾಂಛನಗಳಲ್ಲಿ ಕಿರೀಟದ ಜಾಗಕ್ಕೆ ಸಿಂಹಗಳು ಬಂದದ್ದು 1950ರಲ್ಲಿ ಭಾರತ ಗಣರಾಜ್ಯವಾದಾಗ. ಹಾಗಾಗಿ ಬರ್ಮಾದ ಕಥೆಯೂ ಆ ಬಿಲ್ಲೆಯೂ ಒಂದಕ್ಕೊಂದು ಹೊಂದುವಂತಿರಲಿಲ್ಲ. ಆದರೆ ಅಂಗಿ ತಾನಾಗಿಯೇ ಬೇರೊಂದು ಮಾತನ್ನು ಹೇಳುತ್ತಿತ್ತು. ಎರಡೂ ಭುಜಪಟ್ಟಿಗಳ ತುದಿಯಲ್ಲಿ ಎರಡೆರಡು ಸಣ್ಣ ತೂತುಗಳಿದ್ದು, ಅವುಗಳ ಸುತ್ತ ಬಿಲ್ಲಿನಾಕಾರದಲ್ಲಿ ಬಟ್ಟೆಯ ಬಣ್ಣ ಉಳಿದ ಭಾಗಕ್ಕಿಂತ ಗಾಢವಾಗಿತ್ತು. ದಳದ ಹೆಸರಿನ ಹಿತ್ತಾಳೆ ಪಟ್ಟಿಯನ್ನು ಹಿಂಬದಿಯ ಕೊಂಡಿಗಳಿಂದ ಭುಜಕ್ಕೆ ಸಿಕ್ಕಿಸಿದಾಗ, ಲೋಹದ ಅಡಿಯಲ್ಲಿದ್ದ ಬಟ್ಟೆ ವರ್ಷಗಟ್ಟಲೆ ಬಿಸಿಲು ಕಾಣದೆ ಹೀಗೆ ಉಳಿಯುತ್ತದೆ. ತೂತಿನ ಅಂಚಿಗೆ ಅಂಟಿದ್ದ ಹಸಿರು ಕಿಲುಬು ಹಿತ್ತಾಳೆಗೆ ಸಾಕ್ಷಿಯಾಗಿದೆ. ಬಿಲ್ಲೆಯನ್ನು ಯಾರು ಬೇಕಾದರೂ ಸಂಜೆಯೊಳಗೆ ಸಿಕ್ಕಿಸಬಹುದು. ಇಂತಹ ಗುರುತನ್ನು ಬಟ್ಟೆಯಲ್ಲಿ ಮೂಡಿಸುವುದು ಅಷ್ಟು ಸುಲಭವಲ್ಲ. ನಾನು ಬಿಲ್ಲೆಯನ್ನು ಅವರಿಗೇ ಬಿಟ್ಟು ಅಂಗಿಯನ್ನಷ್ಟೇ ಕೊಂಡೆ.

ಮನೆಗೆ ತಂದ ಮೇಲಿನ ಪರೀಕ್ಷೆ ಹೊಲಿಗೆಯಿಂದಲೇ ಆರಂಭವಾಗುತ್ತದೆ. ಒಳಹೊಲಿಗೆಯಿಂದ ಸಡಿಲವಾಗಿ ನೇತಾಡುವ ದಾರದ ತುಣುಕೊಂದನ್ನು ಸುಟ್ಟರೆ ಹತ್ತಿ ಕಾಗದದಂತೆ ವಾಸನೆ ಬಿಟ್ಟು ಬೂದಿಯಾಗುತ್ತದೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ನೂಲು ಬಳಕೆಗೆ ಬಂದದ್ದೇ ಯುದ್ಧದ ನಂತರವಾದ್ದರಿಂದ, ಮೂಲ ಹೊಲಿಗೆಯಲ್ಲಿಯೇ ಅದು ಕಂಡರೆ ಆ ಅಂಗಿ ಯುದ್ಧಕಾಲದ್ದಾಗಿರಲು ಸಾಧ್ಯವಿಲ್ಲ. ನೇರಳಾತೀತ ದೀಪವನ್ನೂ ಬಳಸುತ್ತೇನೆ, ಆದರೆ ಅದರ ಮಾತನ್ನು ಪೂರ್ತಿ ನಂಬುವುದಿಲ್ಲ. ಬಟ್ಟೆ ನೀಲಿಯಾಗಿ ಹೊಳೆದರೆ ಅದು ನಕಲಿಯೆಂದು ಅನೇಕರು ತೀರ್ಮಾನಿಸಿಬಿಡುತ್ತಾರೆ. ಆದರೆ ಮನೆಯವರು ಹಿಂದೊಮ್ಮೆ ಅಸಲಿ ಅಂಗಿಯನ್ನೇ, ಹೊಳಪು ಕೊಡುವ ರಾಸಾಯನಿಕ ಬೆರೆಸಿದ ಇಂದಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಅದು ಹಾಗೆಯೇ ಹೊಳೆಯುತ್ತದೆ. ಈ ಅಂಗಿಯ ದಾರ ಹತ್ತಿಯದು, ಹೊಳಪು ಎಲ್ಲಿಯೂ ಇಲ್ಲ.

ಅಂಗಿಯ ನಂತರ ನನ್ನನ್ನು ಹೆಚ್ಚು ಕಾಡುತ್ತಿರುವುದು ಇಟಲಿಯ ಭಾಗ. 1944ರ ಜುಲೈ 10ರಂದು ಮೇಲಿನ ಟೈಬರ್ ಕಣಿವೆಯಲ್ಲಿ ನಾಯಕ್ ಯಶವಂತ ಘಾಡ್ಗೆ, 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಂಡೆಯಲ್ಲಿ ಸಿಪಾಯಿ ನಾಮದೇವ ಜಾಧವ್, ಇಬ್ಬರೂ ಇದೇ ದಳದವರು, ತಮ್ಮ ಶೌರ್ಯಕ್ಕಾಗಿ ವಿಕ್ಟೋರಿಯಾ ಕ್ರಾಸ್ ಪಡೆದರು. ಇಟಲಿಯ ಚಳಿಗಾಲಕ್ಕೆ ಡ್ರಿಲ್ ಬಟ್ಟೆ ಸಾಲದು. ಅಲ್ಲಿ ದಪ್ಪ ಉಣ್ಣೆಯ ಬ್ಯಾಟಲ್‌ಡ್ರೆಸ್ ತೊಡುತ್ತಿದ್ದರು. ಅದೇ ಹೊತ್ತಿಗೆ ಬರ್ಮಾದ ಕಾಡಿನಲ್ಲಿದ್ದವರು ಖಾಕಿ ಬಿಟ್ಟು ಹಸಿರು ಬಣ್ಣಕ್ಕೆ ಹೋಗಿದ್ದರು. ಒಂದೇ ದಳದ ಇಬ್ಬರು ಸಿಪಾಯಿಗಳು ಒಂದೇ ವರ್ಷ ಇಷ್ಟು ಬೇರೆ ಬೇರೆ ಉಡುಪಿನಲ್ಲಿದ್ದರೆಂಬುದನ್ನು ಪಕ್ಕಪಕ್ಕದಲ್ಲಿ ತೋರಿಸಬೇಕೆಂಬುದು ನನ್ನ ಬಹಳ ದಿನದ ಆಸೆ. ಬ್ಯಾಟಲ್‌ಡ್ರೆಸ್ಸಿನ ಜಾಕೀಟು ಈಗ ನನ್ನ ಬಳಿ ಇದೆ. ಅದರ ತೋಳಿನಲ್ಲಿ ಡಿವಿಜನ್ (ಹಲವು ದಳಗಳ ತುಕಡಿಗಳು ಸೇರಿದ ದೊಡ್ಡ ಸೇನಾ ವಿಭಾಗ) ಗುರುತನ್ನು ಕಿತ್ತ ಜಾಗದ ಹೊಲಿಗೆಯ ತೂತುಗಳು ಇನ್ನೂ ಉಳಿದಿವೆ. ಅಲ್ಲಿ ಹೊಸ ಗುರುತೊಂದನ್ನು ಹೊಲಿಸಿದರೆ ನೋಡಲು ಚೆನ್ನಾಗಿರುತ್ತದೆಂದು ಮಿತ್ರರು ಹೇಳುತ್ತಾರೆ. ನಾನು ಹೊಲಿಸುವುದಿಲ್ಲ, ಹೊಸ ಸೂಜಿ ಹಳೆಯ ತೂತುಗಳ ಅಂತರವನ್ನೂ ಆಕಾರವನ್ನೂ ಕೆಡಿಸಿದರೆ ಅಲ್ಲಿ ಯಾವ ಡಿವಿಜನ್ನಿನ ಗುರುತಿತ್ತೆಂದು ಮುಂದೆ ಯಾರಿಗೂ ತಿಳಿಯಲಾರದು.

ಪುಣೆಯ ಮಳೆಗಾಲ ಉಣ್ಣೆಗೆ ಶತ್ರು. ಜಾಕೀಟಿನ ಕಂಕುಳಲ್ಲಿ ನುಸಿ ತಿಂದ ಗುರುತು ಕಂಡದ್ದರಿಂದ ಅದನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲವನ್ನು ಬಿಚ್ಚಬಾರದು, ಬಿಚ್ಚಿದರೆ ತೇವ ಬಟ್ಟೆಯ ಮೇಲೆಯೇ ಕೂರುತ್ತದೆ. ಇಸ್ತ್ರಿ, ಗಂಜಿ, ಹಿತ್ತಾಳೆ ಉಜ್ಜುವುದು, ಮೂರನ್ನೂ ಕೈಬಿಟ್ಟಿದ್ದೇನೆ. ಒಗೆದ ಮಲ್ ಬಟ್ಟೆಯಲ್ಲಿ ಸುತ್ತಿ, ಮಡಿಕೆಗಳ ಒಳಗೆ ಅದೇ ಬಟ್ಟೆಯ ಸುರುಳಿಗಳನ್ನಿಟ್ಟು ಅಡ್ಡಲಾಗಿ ಮಲಗಿಸಿಡುತ್ತೇನೆ.

2022ರ ಸೇನಾ ದಿನದಂದು ತೋರಿಸಲಾದ ಹೊಸ ಯುದ್ಧದ ಉಡುಪನ್ನಾಗಲೀ ಈಗ ಬಳಕೆಯಲ್ಲಿರುವ ಬೇರೆ ಯಾವುದನ್ನಾಗಲೀ ನಾನು ಕೊಳ್ಳುವುದಿಲ್ಲ. ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಅದನ್ನು ತೊಡುವುದು ಕಾನೂನಿನಲ್ಲಿ ಅಪರಾಧ. ಇಂದು ಸೇವೆಯಲ್ಲಿರುವವರ ಉಡುಪು ಸಂತೆಯಲ್ಲಿ ಮಾರಾಟವಾಗುವುದೇ ನನಗೆ ಸರಿಕಾಣುವುದಿಲ್ಲ. ಬರ್ಮಾದ ಹಸಿರು ಅಂಗಿ ಇನ್ನೂ ಸಿಕ್ಕಿಲ್ಲ. ಅದು ಸಿಗುವವರೆಗೆ ಜಾಕೀಟಿನ ತೋಳಿನ ತೂತುಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿ, ಆ ಆಕಾರವನ್ನು ಇಟಲಿಯಲ್ಲಿ ಹೋರಾಡಿದ 8ನೆಯ ಮತ್ತು 10ನೆಯ ಭಾರತೀಯ ಡಿವಿಜನ್ನುಗಳ ಗುರುತುಗಳ ಅಳತೆಯೊಂದಿಗೆ ಹೋಲಿಸಿ ನೋಡುವ ಕೆಲಸ ನಡೆಯುತ್ತದೆ.