ಯಾವ ಓಕೆ?

ನಮ್ಮ ಸಾಫ್ಟ್‌ವೇರ್ ಟೀಮಿನ ರಿಲೀಸ್ ಚಾಟ್ ಚಾನೆಲ್‌ನಲ್ಲಿ ಒಂದು ಬಾಟ್ ಇದೆ. ಯಾರಾದರೂ ಬರೀ 'ಓಕೆ' ಅಂತ ಹಾಕಿದರೆ ತಕ್ಷಣ ಅದರ ಕೆಳಗೆ 'ಯಾವ ಓಕೆ?' ಅಂತ ಕೇಳುತ್ತದೆ. ಹೊಸದಾಗಿ ಸೇರಿದವರು ನೋಡಿ ನಗುತ್ತಾರೆ. ಅದನ್ನು ಬರೆದದ್ದು ನಾನು, ಒಂದು ರಿಲೀಸ್ ಹಾಳಾದ ಮಾರನೇ ದಿನ, ಸಿಟ್ಟಿನಲ್ಲಿ. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೇ ಇತ್ತು.

ಅವತ್ತಿನ ಕೆಲಸ ನೋಡೋಕೆ ಸಣ್ಣದು. ಹಳೇ ಅಡ್ರೆಸ್ ಟೇಬಲ್‌ನಲ್ಲಿದ್ದ ಡೇಟಾವನ್ನು ಹೊಸ ಟೇಬಲ್‌ಗೆ ಕಾಪಿ ಮಾಡುವುದು, ಬ್ಯಾಕಪ್ ತೆಗೆಯುವುದು, ಹಳೆಯದನ್ನು ಡ್ರಾಪ್ ಮಾಡುವುದು, ಅಂದರೆ ಪೂರ್ತಿ ಅಳಿಸುವುದು. ಸ್ಟೇಜಿಂಗ್‌ನಲ್ಲಿ, ಅಂದರೆ ಪರೀಕ್ಷೆಗಿಟ್ಟ ನಕಲು ಸಿಸ್ಟಮ್‌ನಲ್ಲಿ, ಓಡಿಸಿ ನೋಡಿದ್ದೆವು, ಏನೂ ತೊಂದರೆ ಇರಲಿಲ್ಲ. ಗ್ರಾಹಕರು ಬಳಸುವ ಪ್ರೊಡಕ್ಷನ್‌ನಲ್ಲಿ ಕಾಪಿ ಮುಗಿದಾಗ ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್ ತನ್ನ ಎಂದಿನ ಸಾಲು ಹಾಕಿತು: 'ಕ್ವೆರಿ ಓಕೆ'. ಅದರ ಕೆಳಗೆ ವಾರ್ನಿಂಗ್ಸ್ ಎಷ್ಟು ಅಂತಲೂ ಇತ್ತು. ಸೊನ್ನೆ ಆಗಿರಲಿಲ್ಲ. ಸ್ಕ್ರಿಪ್ಟ್‌ನಲ್ಲಿ 'ಹೊಂದದ ಸಾಲನ್ನು ಬಿಟ್ಟು ಮುಂದೆ ಹೋಗು' ಅನ್ನುವ ಇನ್ಸರ್ಟ್ ಇಗ್ನೋರ್ ಹಾಕಿದ್ದರಿಂದ ಹಳೇ ಡೂಪ್ಲಿಕೇಟ್‌ಗಳು ಬಿಟ್ಟುಹೋಗಿರಬೇಕು, ಮಾಮೂಲು ಅಂದುಕೊಂಡೆ. ಓಕೆ ಅನ್ನೋದು ಕಣ್ಣಿಗೆ ಬಿದ್ದ ಮೇಲೆ ಅದರ ಮುಂದಿನದ್ದನ್ನು ಯಾರು ಓದುತ್ತಾರೆ?

ಆಮೇಲೆ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಅವರಿಗೆ ಚಾಟ್‌ನಲ್ಲಿ ಬರೆದೆ: 'ಕಾಪಿ ಮುಗೀತು ಸರ್. ಬ್ಯಾಕಪ್ ಆಗಿದ್ಯಾ? ಹಳೇ ಟೇಬಲ್ ಡ್ರಾಪ್ ಮಾಡ್ಲಾ?'

ಉತ್ತರ ಬಂತು: 'ಓಕೆ'.

ನಾನು ಅದನ್ನು ಎರಡೂ ಪ್ರಶ್ನೆಗೆ ಹೌದು ಅಂತ ಓದಿಕೊಂಡೆ. ಡ್ರಾಪ್ ಮಾಡಿದೆ. ಅವರು ಬರೆದದ್ದು ನನ್ನ ಮೊದಲ ವಾಕ್ಯಕ್ಕೆ. 'ಓಕೆ, ಕಾಪಿ ಮುಗೀತಾ, ಹಾಗಾದ್ರೆ ಈಗ ಬ್ಯಾಕಪ್ ಶುರು ಮಾಡ್ತೀನಿ' ಅನ್ನೋದು ಅವರ ಮನಸ್ಸಿನಲ್ಲಿದ್ದ ಪೂರ್ತಿ ಮಾತು. ಅದರಲ್ಲಿ ಮೊದಲ ಎರಡಕ್ಷರ ಮಾತ್ರ ನನ್ನವರೆಗೆ ಬಂತು.

ಸ್ವಲ್ಪ ಹೊತ್ತಿಗೆ ಸಪೋರ್ಟ್ ಲೀಡ್ ಎಲ್ಲರೂ ಸೇರುವ ಬ್ರಿಡ್ಜ್ ಕಾಲ್‌ಗೆ ಬಂದರು. ಕೆಲವು ಗ್ರಾಹಕರಿಗೆ ಅಡ್ರೆಸ್ ಪೇಜ್ ಖಾಲಿ ಬರ್ತಿದೆ ಅಂದರು. ನಾನು ಡ್ಯಾಶ್‌ಬೋರ್ಡ್ ನೋಡಿದೆ. ಎಲ್ಲ ಹಸಿರು. ಎಲ್ಲ ರಿಕ್ವೆಸ್ಟ್‌ಗೂ 200 ಓಕೆ, ಅಂದರೆ ಸರಿಯಾಗಿ ಆಯಿತು ಅನ್ನುವ ಸರ್ವರ್ ಉತ್ತರ. 'ನಮ್ಮ ಕಡೆ ಎರರ್ ಇಲ್ಲ, ಕ್ಯಾಶ್ ಇರಬೇಕು, ಲಾಗೌಟ್ ಮಾಡಿ ನೋಡೋಕೆ ಹೇಳಿ' ಅಂದೆ. ಎಷ್ಟು ಧೈರ್ಯವಾಗಿ ಹೇಳಿದೆ ಅನ್ನೋದು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆ ಪೇಜ್‌ಗೆ ಡೇಟಾ ಕೊಡುವ ಎಪಿಐ ಆಗ ಏನೇ ಆದರೂ 200 ಕೊಡುತ್ತಿತ್ತು, ತಪ್ಪಾಗಿದ್ದರೆ ಉತ್ತರದ ಬಾಡಿಯೊಳಗೆ 'ಸಕ್ಸೆಸ್: ಫಾಲ್ಸ್' ಅಂತ ಇರುತ್ತಿತ್ತು. ಫ್ರಂಟ್‌ಎಂಡ್‌ನವರು ತಮಗೆ ಸುಲಭ ಅಂತ ಹಿಂದೆ ಕೇಳಿ ಮಾಡಿಸಿಕೊಂಡದ್ದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಸಿರನ್ನು ನಂಬಿದೆ.

ಟೆಸ್ಟಿಂಗ್ ಮಾಡುವ ಕ್ಯೂಎ ಹುಡುಗಿ ಸುಮ್ನೆ ಹಳೇ ಮತ್ತು ಹೊಸ ಟೇಬಲ್ ಸಾಲುಗಳ ಕೌಂಟ್ ಪಕ್ಕ ಪಕ್ಕ ಇಟ್ಟಳು. ತಾಳೆ ಆಗಲಿಲ್ಲ. ಹೊಸ ಟೇಬಲ್‌ನಲ್ಲಿ ಯೂನಿಕ್ ಕೀ ಯೂಸರ್ ಐಡಿ ಮೇಲೆ ಮಾತ್ರ ಇತ್ತು. ಅಂದರೆ ಒಬ್ಬರಿಗೆ ಒಂದೇ ವಿಳಾಸ. ಎರಡನೇ ವಿಳಾಸ ಇದ್ದವರದ್ದೆಲ್ಲ ಆ ವಾರ್ನಿಂಗ್‌ಗಳಲ್ಲಿ ಹೋಗಿತ್ತು. ಸ್ಟೇಜಿಂಗ್ ಡೇಟಾದಲ್ಲಿ ಎರಡು ವಿಳಾಸದ ಯೂಸರ್ ಒಬ್ಬನೂ ಇರಲಿಲ್ಲ.

'ಪರವಾಗಿಲ್ಲ, ಬ್ಯಾಕಪ್‌ನಿಂದ ಹಳೇ ಟೇಬಲ್ ತರೋಣ' ಅಂದೆ.

'ಯಾವ ಬ್ಯಾಕಪ್? ನೀವು ಮೆಸೇಜ್ ಹಾಕಿದ ಮೇಲೆ ಶುರು ಮಾಡಿದ್ದೆ. ಮಧ್ಯದಲ್ಲಿ ಟೇಬಲ್ ಇಲ್ಲ ಅಂತ ಎರರ್ ಬಂದು ಡಂಪ್ ನಿಂತಿದೆ. ಅದೇ ಏನಪ್ಪಾ ಅಂತ ನೋಡ್ತಾ ಇದ್ದೀನಿ' ಅಂದರು ಡಿಬಿಎ.

ಕಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಯಾರದೋ ಮೈಕ್ ಆನ್ ಇತ್ತು, ಫ್ಯಾನ್ ಸದ್ದು ಕೇಳುತ್ತಿತ್ತು. ಮ್ಯಾನೇಜರ್ 'ಹಲೋ, ಎಲ್ಲರೂ ಇದ್ದೀರಾ?' ಅಂದರು. ಎಲ್ಲರೂ ಇದ್ದೆವು. ಆಮೇಲೆ ಡಿಬಿಎ ಅವರೇ ದಾರಿ ತೋರಿಸಿದರು. ಹಿಂದಿನ ರಾತ್ರಿಯ ಫುಲ್ ಬ್ಯಾಕಪ್ ಅನ್ನು ಬೇರೆ ಸರ್ವರ್‌ನಲ್ಲಿ ರಿಸ್ಟೋರ್ ಮಾಡಿ, ಅಲ್ಲಿಂದ ಡ್ರಾಪ್ ಆಗುವ ಒಂದು ಹೆಜ್ಜೆ ಹಿಂದಿನವರೆಗೆ ಬಿನ್‌ಲಾಗ್, ಅಂದರೆ ಆಮೇಲಿನ ಬದಲಾವಣೆಗಳ ದಾಖಲೆ, ಓಡಿಸುವುದು. ಅದು ನಿಲ್ಲಬೇಕಾದ ಪೊಸಿಷನ್ ನಂಬರ್ ಹುಡುಕಿ ಅವರು ಜೋರಾಗಿ ಓದಿದರು, ನಾನು ತಿರುಗಿ ಓದಿದೆ, ಅವರು ಮತ್ತೆ ಒಮ್ಮೆ ನೋಡಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಹೆದರಿದಾಗ ಬುದ್ಧಿ ತಾನಾಗಿ ಬರುತ್ತದೆ. ರಿಸ್ಟೋರ್‌ಗೆ ಪ್ರೋಗ್ರೆಸ್ ಬಾರ್ ಕೂಡ ಇಲ್ಲ, ಫೈಲ್ ಸೈಜ್ ಬೆಳೆಯೋದನ್ನೇ ನೋಡುತ್ತಾ ಕೂರಬೇಕು. ಡೇಟಾ ಎಲ್ಲ ವಾಪಸ್ ಬಂತು. ಸೈಟ್ ಮಾತ್ರ ಬೆಳಗಾಗುವವರೆಗೆ ಮೇಂಟೆನೆನ್ಸ್ ಪೇಜ್ ತೋರಿಸುತ್ತಿತ್ತು.

ಏನು ತಪ್ಪಾಯಿತು ಅಂತ ಬರೆಯುವ ಪೋಸ್ಟ್‌ಮಾರ್ಟಂನಲ್ಲಿ ರೂಟ್ ಕಾಸ್, ಅಂದರೆ ಮೂಲ ಕಾರಣದ ಜಾಗದಲ್ಲಿ ಮ್ಯಾನೇಜರ್ 'ಕಮ್ಯುನಿಕೇಷನ್ ಗ್ಯಾಪ್' ಅಂತ ಬರೆದರು. ಯಾವ ಪೋಸ್ಟ್‌ಮಾರ್ಟಂಗೆ ಬೇಕಾದರೂ ಹೊಂದುವ ಮಾತು ಅದು. ನನಗೆ ತಲೆ ಕೆಟ್ಟಿತು. ಗ್ಯಾಪ್ ಎಲ್ಲಿತ್ತು? ಪ್ರಶ್ನೆ ಕೇಳಿದ್ದೆ, ಉತ್ತರ ಬಂದಿತ್ತು. ಆ ಉತ್ತರವೇ ಏನು ಅಂತ ಹುಡುಕುತ್ತಾ ಹೋದಾಗ ಓಕೆಯ ಕಥೆ ಸಿಕ್ಕಿತು.

ಅದು ಹುಟ್ಟಿದ್ದೇ ತಮಾಷೆಯಾಗಿ. 1830ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ಪತ್ರಿಕೆಗಳಲ್ಲಿ ಮಾತುಗಳನ್ನು ಬೇಕಂತಲೇ ತಪ್ಪು ಸ್ಪೆಲಿಂಗ್‌ನಲ್ಲಿ ಬರೆದು, ಮೊದಲಕ್ಷರ ಮಾತ್ರ ಹಾಕುವ ಹುಚ್ಚು ಹಬ್ಬಿತ್ತು. 'ಆಲ್ ರೈಟ್' ಅನ್ನೋದನ್ನು 'ಓಲ್ ರೈಟ್' (oll wright) ಮಾಡಿ ಓ.ಡಬ್ಲ್ಯು. ಅನ್ನುತ್ತಿದ್ದರು. ಹಾಗೇ 'ಆಲ್ ಕರೆಕ್ಟ್' ಹೋಗಿ 'ಓಲ್ ಕೊರೆಕ್ಟ್' (oll korrect), ಅದರಿಂದ ಓ.ಕೆ. 1839ರ ಮಾರ್ಚ್ 23ರ ಬಾಸ್ಟನ್ ಮಾರ್ನಿಂಗ್ ಪೋಸ್ಟ್‌ನಲ್ಲಿ ಇದು ಅಚ್ಚಾಗಿದೆ. ಅದರ ಜೊತೆ ಹುಟ್ಟಿದವೆಲ್ಲ ಸತ್ತುಹೋದವು. ಇದೊಂದು ಉಳಿಯೋಕೆ ಮರುವರ್ಷದ ಚುನಾವಣೆ ನೆರವಾಯಿತು. ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರೆನ್ ಅವರ ಊರು ಕಿಂಡರ್‌ಹುಕ್. ಬೆಂಬಲಿಗರು ಅವರನ್ನು 'ಓಲ್ಡ್ ಕಿಂಡರ್‌ಹುಕ್' ಅಂತ ಕರೆದು ಓ.ಕೆ. ಕ್ಲಬ್ ಕಟ್ಟಿದರು. ಎದುರಾಳಿಗಳೂ ಸುಮ್ಮನಿರಲಿಲ್ಲ. ವಾನ್ ಬ್ಯೂರೆನ್ ಅವರ ಹಿಂದಿನ ಅಧ್ಯಕ್ಷ ಆ್ಯಂಡ್ರ್ಯೂ ಜಾಕ್ಸನ್‌ಗೆ ಸ್ಪೆಲಿಂಗ್ ಬಾರದು, ಕಾಗದದ ಮೇಲೆ ಓ.ಕೆ. ಅಂತ ಬರೆದದ್ದು ಅವರೇ ಅಂತ ಕಥೆ ಕಟ್ಟಿದರು. 1840ರ ಚುನಾವಣೆಯಲ್ಲಿ ವಾನ್ ಬ್ಯೂರೆನ್ ಸೋತರು, ಓಕೆ ಗೆದ್ದಿತು.

ಅಮೆರಿಕದ ಮೂಲನಿವಾಸಿಗಳಾದ ಚೋಕ್ಟಾ ಜನರ ಭಾಷೆಯಿಂದ ಬಂತು, ಗ್ರೀಕ್‌ನಿಂದ ಬಂತು ಅಂತ ಬೇರೆ ಕಥೆಗಳೂ ಓಡಾಡುತ್ತವೆ. ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್ 1963 ಮತ್ತು 1964ರಲ್ಲಿ ಬರೆದ ಲೇಖನಗಳಲ್ಲಿ ಹಳೇ ಪತ್ರಿಕೆಗಳನ್ನು ಜಾಲಾಡಿ ಬಾಸ್ಟನ್ ಮೂಲವನ್ನು ತೋರಿಸಿಕೊಟ್ಟರು. ಜಾಕ್ಸನ್ ಕಥೆ ಬರೀ ಕಟ್ಟುಕಥೆ ಅಂತ ಹೇಳಿದವರೂ ಅವರೇ. ಇಷ್ಟು ಸಣ್ಣ ಪದಕ್ಕೆ ಇಷ್ಟು ಕೆಲಸ ಮಾಡಿದವರ ಮೇಲೆ ನನಗೆ ಗೌರವ ಇದೆ. ನಾನು ಒಂದು ವಾರ್ನಿಂಗ್ ಕೌಂಟ್ ಕೂಡ ನೋಡಿರಲಿಲ್ಲ.

ನನಗೆ ಮುಖ್ಯ ಅನ್ನಿಸಿದ್ದು ಆಮೇಲಿನದು. ಶುರುವಿನಲ್ಲಿ ಓಕೆ ಅಂದರೆ 'ಎಲ್ಲ ಸರಿ ಇದೆ', ಅಂದರೆ ಯಾರೋ ನೋಡಿ ಹೇಳಿದ ಮಾತು. ಟೆಲಿಗ್ರಾಫ್ ಬಂದ ಮೇಲೆ ಆಪರೇಟರ್‌ಗಳು ಸಂದೇಶ ತಲುಪಿತು ಅನ್ನೋದಕ್ಕೆ ಅದನ್ನು ಬಳಸಿದರು. ಆಮೇಲೆ ಒಪ್ಪಿಗೆಗೂ ಅದೇ, ಪರವಾಗಿಲ್ಲ ಅನ್ನೋದಕ್ಕೂ ಅದೇ, 'ಊಟ ಓಕೆ' ಅಂತ ಮುಖ ಸಿಂಡರಿಸೋಕೂ ಅದೇ. ನಾನು ಕೇಳಿಸಿಕೊಂಡದ್ದು ಬಾಸ್ಟನ್ನಿನ ಓಕೆ, ಡಿಬಿಎ ಬರೆದದ್ದು ಟೆಲಿಗ್ರಾಫಿನ ಓಕೆ. ಕನ್ನಡದಲ್ಲೇ ಮಾತಾಡಿದ್ದರೆ ಬಚಾವಾಗುತ್ತಿದ್ದೆವು ಅಂತಲೂ ಅಲ್ಲ. 'ಬ್ಯಾಕಪ್ ತಗೊಳ್ಳಿ' ಅಂದರೆ 'ಆಯ್ತು' ಅನ್ನುತ್ತೇವೆ. ಇನ್ನೂ ಕೈಯನ್ನೇ ಹಾಕಿರುವುದಿಲ್ಲ, ಆಗಲೇ ಆಯ್ತು!

ಈ ಗೊಂದಲಕ್ಕೆ ಎಲ್ಲರಿಗಿಂತ ಜಾಸ್ತಿ ಬೆಲೆ ತೆತ್ತವರು ವಿಮಾನದವರು. 1977ರ ಮಾರ್ಚ್ 27, ಸ್ಪೇನ್‌ನ ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣ, ರನ್‌ವೇ ಮೇಲೆ ಮಂಜು. ಒಂದು ಬೋಯಿಂಗ್ 747ರಿಂದ 'ನಾವೀಗ ಟೇಕಾಫ್‌ನಲ್ಲಿದ್ದೇವೆ' ಅನ್ನೋ ಅರ್ಥದ ಮಾತು ಬಂತು. ವಿಮಾನ ಆಗಲೇ ಓಡುತ್ತಿತ್ತು. ಟವರ್‌ನವರು ಅದು ಕಾಯುತ್ತಾ ನಿಂತಿದೆ ಅಂದುಕೊಂಡು 'ಓಕೆ' ಅಂದರು. 'ತಡೆಯಿರಿ, ನಾನೇ ಕರೆಯುತ್ತೇನೆ' ಅಂತಲೂ ಸೇರಿಸಿದರು. ಅದೇ ಕ್ಷಣಕ್ಕೆ ರನ್‌ವೇ ಮೇಲಿದ್ದ ಇನ್ನೊಂದು 747 ಕೂಡ ರೇಡಿಯೋದಲ್ಲಿ ಮಾತಾಡಿತು. ಎರಡೂ ಮಾತು ಒಂದರ ಮೇಲೊಂದು ಬಿದ್ದು ಬರೀ ಕೀರಲು ಸದ್ದು. ಓಡುತ್ತಿದ್ದ ವಿಮಾನದ ಕಾಕ್‌ಪಿಟ್‌ನಲ್ಲಿ ಸರಿಯಾಗಿ ಕೇಳಿಸಿದ್ದು ಆ 'ಓಕೆ' ಒಂದೇ. ಎರಡು ವಿಮಾನಗಳೂ ಡಿಕ್ಕಿ ಹೊಡೆದು 583 ಜನ ಸತ್ತರು. ಕಾರಣ ಆ ಪದ ಒಂದೇ ಅಲ್ಲ, ಮಂಜು, ಅವಸರ, ಕ್ಯಾಪ್ಟನ್ ನಿರ್ಧಾರ ಎಲ್ಲ ಸೇರಿತ್ತು. ಆದರೂ ಆಮೇಲೆ ಮಾತಿನ ನಿಯಮಗಳು ಬಿಗಿಯಾದವು. ಅನುಮತಿ ಕೊಡುವಾಗ ಇಲ್ಲವೇ ರದ್ದು ಮಾಡುವಾಗ ಬಿಟ್ಟು 'ಟೇಕಾಫ್' ಅನ್ನುವಂತಿಲ್ಲ, ಉಳಿದ ಕಡೆ 'ಡಿಪಾರ್ಚರ್'. ಅನುಮತಿ ಸಿಕ್ಕರೆ ಬರೀ ಓಕೆ ಸಾಲದು, ಕೇಳಿದ್ದನ್ನು ತಿರುಗಿ ಓದಬೇಕು.

ಅವರ ಹತ್ತಿರ ಬೇರೆ ಬೇರೆ ಪದಗಳೇ ಇವೆ. 'ರೋಜರ್' ಅಂದರೆ ನಿಮ್ಮ ಮಾತು ಪೂರ್ತಿ ಕೇಳಿಸಿತು, ಅಷ್ಟೇ. ಒಪ್ಪಿದೆ ಅಂತಲ್ಲ. 'ವಿಲ್ಕೋ' ಅಂದರೆ ಅರ್ಥವಾಯಿತು, ಹಾಗೇ ಮಾಡುತ್ತೇನೆ. 'ಅಫರ್ಮ್' ಅಂದರೆ ಹೌದು. ಸಿನಿಮಾದಲ್ಲಿ ಎಲ್ಲದಕ್ಕೂ ರೋಜರ್ ಅನ್ನುತ್ತಾರೆ, ಅದು ಬಿಡಿ. ನನ್ನ ಡಿಬಿಎ 'ರೋಜರ್' ಅಂದಿದ್ದರೆ ನಾನು ಡ್ರಾಪ್ ಮಾಡುತ್ತಿರಲಿಲ್ಲ.

ನಾಚಿಕೆಯ ವಿಷಯ ಅಂದರೆ ನಮ್ಮ ಕಸುಬಿನಲ್ಲೂ ಇದು ಮೊದಲಿನಿಂದ ಇದೆ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಯಲ್ಲಿ 200 ಓಕೆ ಬೇರೆ, 202 ಆಕ್ಸೆಪ್ಟೆಡ್ ಬೇರೆ. ರಿಕ್ವೆಸ್ಟ್ ತಗೊಂಡಿದ್ದೇವೆ, ಕೆಲಸ ಇನ್ನೂ ಮುಗಿದಿಲ್ಲ, ಮುಗಿಯದೇ ಹೋಗಲೂಬಹುದು ಅನ್ನೋದಕ್ಕೆ 202. 1996ರ ಎಚ್‌ಟಿಟಿಪಿ 1.0 ದಾಖಲೆಯಲ್ಲೇ ಎರಡೂ ಇವೆ. ಮೆಷಿನ್‌ಗಳು ತಮ್ಮಲ್ಲಿ ಮಾತಾಡಿಕೊಳ್ಳೋಕೆ ಅದನ್ನು ಬರೆದವರು ಇಷ್ಟು ಎಚ್ಚರ ವಹಿಸಿದ್ದಾರೆ. ನಾವು ಎಲ್ಲದಕ್ಕೂ 200 ಕಳಿಸಿ ಕೂತಿದ್ದೆವು. ಆ ಎಪಿಐಯನ್ನು ಈಗ ಸರಿಮಾಡಿದ್ದೇವೆ. ಫ್ರಂಟ್‌ಎಂಡ್‌ನವರು ಗೊಣಗಿದರು. ಗೊಣಗಲಿ.

ಟೀಮಿನಲ್ಲಿ ಮಾಡಿಕೊಂಡ ಬದಲಾವಣೆ ಜಾಸ್ತಿ ಇಲ್ಲ. ಒಂದು ಮೆಸೇಜ್‌ನಲ್ಲಿ ಒಂದೇ ಪ್ರಶ್ನೆ. ಉತ್ತರದಲ್ಲಿ ಕೆಲಸದ ಹೆಸರು ಇರಬೇಕು: 'ಬ್ಯಾಕಪ್ ಮುಗಿದಿದೆ, ಫೈಲ್ ಇಲ್ಲಿದೆ'. ಡ್ರಾಪ್, ಡಿಲೀಟ್ ಇಂಥದ್ದಕ್ಕೆ ಮುಂಚೆ ಇನ್ನೊಬ್ಬರು ಕಮಾಂಡ್ ಅನ್ನು ತಿರುಗಿ ಓದಬೇಕು. ವಾರ್ನಿಂಗ್ ಸೊನ್ನೆ ಇಲ್ಲದಿದ್ದರೆ ನಿಲ್ಲಬೇಕು. ಡಿಬಿಎ ಮೊದಲು 'ಇದೆಲ್ಲ ಮಕ್ಕಳಾಟ' ಅಂದರು. ಈಗ ಅವರೇ ಎಲ್ಲರಿಗಿಂತ ಉದ್ದ ಉತ್ತರ ಬರೆಯುತ್ತಾರೆ, ಸ್ವಲ್ಪ ಹಟಕ್ಕೆ ಅಂತಲೂ ಅನ್ನಿಸುತ್ತದೆ.

ಮ್ಯಾನೇಜ್‌ಮೆಂಟ್ ತನ್ನ ಪಾಲಿನದ್ದನ್ನೂ ಮಾಡಿತು. ಹೊಸ ಅಪ್ರೂವಲ್ ಟೂಲ್ ಬಂತು. ಅದರಲ್ಲಿ ಕಳಿಸಿದ ರಿಕ್ವೆಸ್ಟ್ ಬೇಡ ಅಂತ ಒತ್ತಿದರೆ ಒಂದು ಪಾಪ್‌ಅಪ್ ಬರುತ್ತದೆ: 'ಈ ರಿಕ್ವೆಸ್ಟ್ ಕ್ಯಾನ್ಸಲ್ ಮಾಡಬೇಕೆ?' ಕೆಳಗೆ ಎರಡು ಬಟನ್: 'ಓಕೆ', 'ಕ್ಯಾನ್ಸಲ್'. ಕ್ಯಾನ್ಸಲ್ ಒತ್ತಿದರೆ ಕ್ಯಾನ್ಸಲ್ ಆಗುವುದಿಲ್ಲ. ಆಪಲ್‌ನವರು 1980ರ ದಶಕದ ಶುರುವಿನಲ್ಲಿ ಲಿಸಾ ಕಂಪ್ಯೂಟರ್ ಮಾಡುವಾಗ ಈ ಜಾಗದಲ್ಲಿ 'ಡೂ ಇಟ್', ಅಂದರೆ 'ಮಾಡು' ಅಂತ ಬಟನ್ ಇಟ್ಟಿದ್ದರಂತೆ. ದೊಡ್ಡ ಐ ಅಕ್ಷರ ಸಣ್ಣ ಎಲ್ ತರ ಕಂಡು, ಪರೀಕ್ಷೆಗೆ ಕೂತವರೊಬ್ಬರು ಅದನ್ನು 'ಡೋಲ್ಟ್' ಅಂತ ಓದಿದರು. ದಡ್ಡ ಅಂತ ಅರ್ಥ. ಕಂಪ್ಯೂಟರ್ ನನ್ನನ್ನು ಯಾಕೆ ಬೈಯುತ್ತಿದೆ ಅಂತ ಸಿಟ್ಟಾದರು. ಆಮೇಲೆ ಅದು ಓಕೆ ಆಯಿತು. ನಮ್ಮ ಟೂಲ್‌ಗೆ ಆ ಹಳೇ ಬಟನ್ನೇ ಚೆನ್ನಾಗಿ ಹೊಂದುತ್ತಿತ್ತು.

ಬಟನ್ ಮೇಲೆ 'ರಿಕ್ವೆಸ್ಟ್ ತೆಗೆದುಹಾಕು', 'ಹಾಗೇ ಇರಲಿ' ಅಂತ ಬರೆಯಿರಿ ಅಂತ ಟಿಕೆಟ್ ಹಾಕಿದ್ದೇನೆ. ಮುಂದಿನ ಕ್ವಾರ್ಟರ್‌ನಲ್ಲಿ ನೋಡೋಣ ಅಂದಿದ್ದಾರೆ. ಅಲ್ಲಿವರೆಗೆ ಯಾವುದನ್ನು ಒತ್ತಬೇಕು ಅಂತ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳಿಕೊಳ್ಳುತ್ತಿದ್ದೇವೆ.